ಎಳೆಯ ಆಟಗಾರನ ಭವಿಷ್ಯ

ಹಾಕಿಯಾಡುವ ಹುಡುಗರ ಭವಿಷ್ಯವನ್ನು ನುಡಿಯುವ ಚಾಪಲ್ಯ ಕೊಡಗಿನಲ್ಲಿ ಬಹುಮಂದಿಗುಂಟು, ನನಗೂ ಉಂಟು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಒಕ್ಕಗಳ ಪಂದ್ಯಾಟವನ್ನಾರಂಭಿಸಿದ ಮೇಲೆ ಈ ಚಾಪಲ್ಯಕ್ಕೆ ಹಬ್ಬವೇ ಒದಗಿತು.

ಅಂಥದೊಂದು ಪಂದ್ಯದಲ್ಲಿ ನೆಂಟರೊಬ್ಬರು ನಡುಸಾಲಿನಲ್ಲಿದ್ದ ತಮ್ಮ ಹದಿನಾಲ್ಕರ ಮಗನನ್ನು ತೋರಿಸಿ, “ಭಾವ, ಇವನನ್ನು ಕ್ರೀಡಾ ವಸತಿಶಾಲೆಗೆ ಸೇರಿಸಲೆ? ಓದಿನಲ್ಲಿಯೂ ಜಾಣನೇ. ನೀವು ಹೇಳಿದಂತಾಗಲಿ” ಎಂದರು.

ಹುಡುಗನು ಚೆಂಡು ಬರುವುದಕ್ಕೆ ಮೊದಲೇ ಒಮ್ಮೆ ಸುತ್ತಲೂ ನೋಡುತ್ತಿದ್ದನು. ಬಂದುದನ್ನು ಇಟ್ಟುಕೊಂಡು ಮೆರೆಯದೆ ತೆರಪಿದ್ದೆಡೆಗೆ ಕಳುಹಿಸುತ್ತಿದ್ದನು. ಇದು ಸುಲಭವಾಗಿ ಕಲಿಸಬರುವ ಗುಣವಲ್ಲ. ಆದರೆ ಅದು ಹುಲ್ಲುನೆಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ದೊಡ್ಡ ಪಂದ್ಯಗಳು ಕೃತಕ ಹಾಸಿಗೆ ಸರಿದವು. ಅಲ್ಲಿ ಚೆಂಡಿನ ವೇಗವೇ ಬೇರೆ. ಇನ್ನು, 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ನಮ್ಮ ಎಂ. ಪಿ. ಗಣೇಶರು ಮೊದಲು ಜಿಲ್ಲೆಯ ಪರವಾಗಿ ಆಡಿದ್ದು ಫುಟ್‌ಬಾಲನ್ನು! ಆಗ ಅವರನ್ನು ಕಂಡವರು ಏನೆಂದು ಭವಿಷ್ಯ ನುಡಿದಿದ್ದರೊ?

ಇದೆಲ್ಲ ತಿಳಿದಿದ್ದೂ ಹಿಂದೆ ನಾನು ಇನ್ನೊಬ್ಬ ಬಾಲಕನನ್ನು “ದೇಶಕ್ಕಾಗಿ ಆಡುವವನು” ಎಂದುಬಿಟ್ಟಿದ್ದೆನು. ಅವನು ಓದನ್ನು ಬಿಟ್ಟನು. ಹತ್ತೊಂಬತ್ತರಲ್ಲಿ ಮೊಣಕಾಲು ಕೆಟ್ಟಿತು. ಈಗಲೂ ಸಂತೆಯಲ್ಲಿ ಕಂಡರೆ ವಿನಯದಿಂದಲೇ ಮಾತನಾಡಿಸುತ್ತಾನೆ. ನನಗೆ ಅದೇ ಕಷ್ಟ.

“ಹತ್ತನೆಯ ತರಗತಿ ಮುಗಿಯಲಿ, ಅಷ್ಟರವರೆಗೆ ರಜೆಯಲ್ಲಿ ಕೃತಕ ಹಾಸಿನ ಮೇಲೆ ಆಡಿಸಿ ನೋಡಿ” ಎಂದೆನು. ನೆಂಟರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಹುಡುಗನು ಚೆಂಡನ್ನು ಕಳೆದುಕೊಂಡು, ಅದರ ಬೆನ್ನಟ್ಟಿ ಅರ್ಧ ಮೈದಾನ ಓಡಿ, ಎದುರಾಳಿಯಿಂದ ಮರಳಿ ಕಿತ್ತುಕೊಂಡನು. ನೋಡಿದರೆ, ನಾನು ಎದ್ದು ನಿಂತಿದ್ದೆನು.