ದ್ರಾಕ್ಷಿ ಸೀಮೆಯಿಂದ – 7: ಒಂದೇ ಲೋಟ

"ಅಲ್ಲೋಗಿ ವೈನ್ ಕುಡ್ಕೊಂಡು ಕೂತಿದ್ದೀಯಾ?" ಅಂತ ಕಾಮೆಂಟ್ ಹಾಕಿದ ಕೊಳ್ಳೇಗಾಲದ ಗೆಳೆಯರೇ, ಹೌದು ಕಣ್ರೋ, ಕುಡೀತಿದ್ದೀನಿ. ಎಲ್ಲಿ, ಹೆಂಗೆ ಅಂತ ಕೇಳಿ.

ಫೋಟೋದಲ್ಲಿರೋದು ಜರ್ಮನಿಯ ಬಾಡ್ ಡ್ಯುರ್ಕ್‌ಹೈಮ್. ಸೆಪ್ಟೆಂಬರ್‌ನಲ್ಲಿ ಇಲ್ಲಿ ವುರ್ಸ್ಟ್‌ಮಾರ್ಕ್ಟ್ ಅನ್ನೋ ವೈನ್ ಜಾತ್ರೆ. ಜಾತ್ರೆ ಅಂತ ಸುಮ್ನೆ ಅಂದಿದ್ದಲ್ಲ. ಗುಡ್ಡದ ಮೇಲಿನ ಪುಟ್ಟ ಚರ್ಚಿಗೆ ಯಾತ್ರೆ ಬರ್ತಿದ್ದವರಿಗೆ ರೈತರು ತಳ್ಳುಗಾಡೀಲಿ ವೈನು, ಸಾಸೇಜು ತಂದು ಮಾರ್ತಿದ್ರು, ಅದೇ ಬೆಳೆದು ಇದಾಯ್ತು. 600 ವರ್ಷ ದಾಟಿದೆ. ಮಾದಪ್ಪನ ಬೆಟ್ಟದ ದಾರಿ ನೆನಪಾಗಲ್ವಾ?

ಉದ್ದನೆ ಬೆಂಚು, ಗುರುತಿಲ್ಲದ ಜನ ಭುಜಕ್ಕೆ ಭುಜ. ಮೈಯೆಲ್ಲ ಗುಳಿ ಇರೋ ಅರ್ಧ ಲೀಟರಿನ ಗಾಜಿನ ಲೋಟ, ಹೆಸರು ಡುಬ್ಬೆಗ್ಲಾಸ್. ರೀಸ್ಲಿಂಗ್ ವೈನಿಗೆ ಸೋಡಾ ಬೆರೆಸಿ ತುಂಬ್ತಾರೆ. ಒಂದು ಗುಟುಕು ಕುಡಿದು ಪಕ್ಕದವರಿಗೆ ದಾಟಿಸೋದು. ಒಬ್ಬ ಅಜ್ಜಿ ನನ್ನ ಹೆಸರು, ಊರು ಏನೂ ಕೇಳದೆ ಲೋಟ ಕೈಗಿಟ್ರು.

ಎದೆ ಒಂಥರಾ ಆಯ್ತು. ನಮ್ಮಪ್ಪ ಹುಡುಗನಾಗಿದ್ದಾಗ ಟೀ ಅಂಗಡೀಲಿ ಅವರಿಗೆ ಲೋಟ ಬೇರೆ. ಕುಡಿದು ಅವರೇ ತೊಳೆದಿಡಬೇಕಿತ್ತು. ಆದ್ರೆ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೇಲಿ, ಸಿದ್ದಪ್ಪಾಜಿ ಹೆಸರಲ್ಲಿ ಜಾತಿ ನೋಡದೆ ಒಂದೇ ಸಾಲಲ್ಲಿ ಕೂತು ಬಾಡೂಟ ಉಣ್ಣೋದನ್ನ ತೋರಿಸಿದ್ದೂ ಅಪ್ಪನೇ. ಹಂಗಾಗಿ ಇದನ್ನ ಫಾರಿನ್ನವರ ದೊಡ್ಡತನ ಅಂತ ಓದ್ಬೇಡಿ.

ವೈನ್ ಡಿನ್ನರ್‌ಗಳಿಗೂ ಹೋಗ್ತೀನಿ. ಐದು ತಟ್ಟೆ, ಐದು ವೈನು, ಮೂಗಿಟ್ಟು ವಾಸನೆ ನೋಡೋ ಶಾಸ್ತ್ರ (ನಂಗಿಷ್ಟ!). ಆದ್ರೆ ಅಲ್ಲಿ ಅವರವರ ಲೋಟ ಅವರವರದ್ದು.

ಬನದ ಹುಣ್ಣಿಮೆಗೆ ರಜಾ ಹಾಕಿದ್ದೀನಿ. ಚಿಕ್ಕಲ್ಲೂರಿಗೆ ಯಾರ್ಯಾರು ಬರ್ತೀರಾ, ಕೆಳಗೆ ಹೇಳಿ.