ಪಲ್ಲವಿ ಯಾರದ್ದು ಮಾರಾಯ?

ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಹಾಡನ್ನು ಕಟ್ಟಿದ್ದು ಪಾಲ್ ಮೆಕಾರ್ಟ್ನಿ ಒಬ್ಬರೇ. ಆದರೆ ಹುಡುಗರಾಗಿದ್ದಾಗ ಅವರೂ ಜೊತೆಗಾರ ಜಾನ್ ಲೆನನ್ನೂ ಆಡಿಕೊಂಡ ಮಾತಿನಂತೆ ಅಚ್ಚಾದದ್ದು ‘ಲೆನನ್–ಮೆಕಾರ್ಟ್ನಿ’. 2002ರ ಆಲ್ಬಮ್ಮೊಂದರಲ್ಲಿ ಪಾಲ್ ತಮ್ಮ ಹೆಸರನ್ನು ಮುಂದಕ್ಕೆ ತಂದರು. ಲೆನನ್ ತೀರಿಹೋಗಿ 22 ವರ್ಷವಾಗಿತ್ತು; ಆದರೂ ಅವರ ಹೆಂಡತಿ ಯೋಕೊ ಒನೊ ತಕರಾರು ತೆಗೆದರು. ಕೋಟಿಗಟ್ಟಲೆ ದುಡ್ಡಿದ್ದವರಿಗೂ ಹೆಸರು ಹಿಂದೆ ಬಿದ್ದರೆ ನಿದ್ದೆಯಿಲ್ಲ ಎಂದು ಓದಿದ ಮೇಲೆ ನನಗೆ ಬೆಳ್ಮಣ್ಣಿನ ನಮ್ಮ ತಂಡದ ಮೇಲೆ ಗೌರವ ಹೆಚ್ಚಾಯಿತು.

ನಮ್ಮದೂ ರಾಕ್ ಬ್ಯಾಂಡೇ. ಒಂದು ಗಿಟಾರು, ಭಜನೆಯವರಿಂದ ಕಡ ತಂದ ತಬಲ, ಪರಿಚಯದವರ ಮನೆಯ ಚಾವಡಿ. ತುಳು ಕ್ಯಾಸೆಟ್ಟಿಗೆಂದು ಹೊರಟಾಗ ಮೊದಲು ತಯಾರಾದದ್ದು ಹಾಡಲ್ಲ, ಹೊದಿಕೆಯ ಚೀಟಿ. ‘ಸಾಹಿತ್ಯ’ದ ಮುಂದೆ ಯಾರ ಹೆಸರು? ಪಲ್ಲವಿ ಗಿಟಾರಿನವನದ್ದು, ಎರಡನೇ ಚರಣ ನನ್ನದು. “ನಾನು ಬಾರಿಸದಿದ್ದರೆ ಅದು ಬಾಲವಾಡಿ ಪದ್ಯ ಮಾರಾಯ” ಎಂದ ತಬಲದವ. ಕೊನೆಗೆ ಚಾವಡಿಯ ಯಜಮಾನರೂ ಬಂದು ನಿಂತರು: “ಕರೆಂಟು ಬಿಲ್ಲು ಕಟ್ಟುವವ ನಾನು. ನನ್ನದು ಎಲ್ಲಿ ಹಾಕ್ತೀರಿ?” ಜಾಗ ಸಾಲದೆ ಹಾಡುಗಳ ಪಟ್ಟಿಯನ್ನೇ ಸಣ್ಣಕ್ಷರಕ್ಕೆ ಇಳಿಸಿದೆವು. ಗಿಟಾರಿನವ ಬೊಂಬಾಯಿಗೆ ಹೋದ ಮೇಲೆ ಆ ಚೀಟಿಯೂ ಬೇಕಾಗಲಿಲ್ಲ.

ಈ ವಿಷಯದಲ್ಲಿ ಗಾಯಕ ರಘು ದೀಕ್ಷಿತ್ ಜಾಣರು. ತಮ್ಮ ಹಳೆಯ ತಂಡ ಅಂತರಾಗ್ನಿ ಮುಗಿದ ಮೇಲೆ ಹೊಸ ತಂಡಕ್ಕೆ ‘ಪ್ರಾಜೆಕ್ಟ್’ ಎಂದೇ ಹೆಸರಿಟ್ಟರು. ಬರುವವರು ಬರಲಿ, ಹೋಗುವವರು ಹೋಗಲಿ. 2008ರ ಅವರ ಆಲ್ಬಮ್ಮಿನಲ್ಲಿರುವ ಶಿಶುನಾಳ ಷರೀಫರ ಹಾಡುಗಳಿಗಂತೂ ಯಾರೂ ಪಾಲು ಕೇಳುವಂತಿಲ್ಲ. 1889ರಲ್ಲಿ ತೀರಿಕೊಂಡ ಅಜ್ಜ ಅಂಕಿತವನ್ನು ಹಾಡಿನ ಹೊಟ್ಟೆಯೊಳಗೇ ಇಟ್ಟು ಹೋಗಿದ್ದಾರೆ. ಅದೂ ತನ್ನ ಹೆಸರಲ್ಲ, ಊರ ದೇವರದ್ದು.

ನಮ್ಮ ಪಕ್ಕದ ನಂದಳಿಕೆಯವರದ್ದು ಇನ್ನೂ ವಿಚಿತ್ರ. ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ಲಕ್ಷ್ಮೀನಾರಣಪ್ಪ ‘ರಾಮಾಶ್ವಮೇಧ’ ಬರೆದು, ಮುದ್ದಣನೆಂಬ ಹಳೆಯ ಕವಿಯದ್ದೆಂದು ಮೈಸೂರಿಗೆ ಕಳಿಸಿದರು. ಅಲ್ಲಿ ಅಚ್ಚಾಯಿತು. ಜನ ಇದನ್ನು ವಿನಯ ಎನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಡ್ರಿಲ್ ಮಾಸ್ತರರ ಕಾವ್ಯವನ್ನು ಯಾವ ಪಂಡಿತ ಬಿಡಿಸಿ ನೋಡುತ್ತಿದ್ದ? ಸತ್ತ ಕವಿಗಿರುವ ಮರ್ಯಾದೆ ಬದುಕಿರುವವನಿಗಿಲ್ಲ ಎಂದು ಮಾಸ್ತರರಿಗೆ ಗೊತ್ತಿದ್ದಿರಬೇಕು. ಪಾಪ, 1901ರಲ್ಲಿ, 31ನೇ ವಯಸ್ಸಿಗೇ ಕ್ಷಯ ಅವರನ್ನು ಒಯ್ದಿತು.

ಮೊನ್ನೆ ಬೆಳ್ಮಣ್ಣಿನ ದೇವಸ್ಥಾನದಲ್ಲಿ ಗಿಟಾರಿನವ ಸಿಕ್ಕ. ತಲೆ ಪೂರಾ ಬೋಳು. ಮುದ್ದಣನ ಕತೆ ಹೇಳಿದೆ.

“ಹೌದಾ? ಹಾಗಾದ್ರೆ ನಿನ್ನ ಆ ಎರಡನೇ ಚರಣ ಮುದ್ದಣನದ್ದು ಅಂತಲೇ ಹಾಕಬಹುದಿತ್ತಲ್ಲ!”

“ಪಲ್ಲವಿ?”

“ಅದು ನನ್ನದು.”