ಅರವತ್ತು ವರ್ಷದ ಬ್ಯಾಂಡ್‌ಸೆಟ್

ನಮ್ಮ ಚಿಕ್ಕಪ್ಪನ ಆರ್ಕೆಸ್ಟ್ರಾ ಒಡೆದದ್ದು ಕೀಬೋರ್ಡಿನ ಕಂತಿನ ವಿಷಯಕ್ಕೆ. ಚಿಂತಾಮಣಿಯಲ್ಲಿ ಗಣೇಶನ ಹಬ್ಬ, ಶಿಡ್ಲಘಟ್ಟದಲ್ಲಿ ರಾಜ್ಯೋತ್ಸವ, ಗೌರಿಬಿದನೂರಿನಲ್ಲಿ ಯಾರದೋ ಆರತಕ್ಷತೆ ಎಂದು ಟೆಂಪೋದಲ್ಲಿ ಸ್ಪೀಕರು ಹೇರಿಕೊಂಡು ತಿರುಗುತ್ತಿದ್ದ ಏಳೆಂಟು ಜನ. ಗಾಯಕನಿಗೆ ಬ್ಯಾನರಿನಲ್ಲಿ ತನ್ನ ಹೆಸರೇ ಮೇಲಿರಬೇಕು. ಕೀಬೋರ್ಡಿನವನಿಗೆ ತಾನಿಲ್ಲದಿದ್ದರೆ ಗಾಯಕನೇ ಇಲ್ಲವೆಂಬ ನಂಬಿಕೆ. ರಿದಂ ಪ್ಯಾಡಿನವನಿಗೆ ಅಡ್ವಾನ್ಸ್ ದುಡ್ಡು ಎಲ್ಲಿ ಹೋಯಿತೆಂಬ ಚಿಂತೆ. ಕೊನೆಗೊಂದು ಪಂಚಾಯ್ತಿಯೂ ನಡೆಯಿತು. ಬಂದ ಹಿರಿಯರು ಕಾಫಿ ಕುಡಿದು, ‘ಎರಡು ಆರ್ಕೆಸ್ಟ್ರಾ ಮಾಡ್ಕೊಳ್ರಪ್ಪ’ ಎಂದು ತೀರ್ಪು ಕೊಟ್ಟು ಎದ್ದುಹೋದರು. ಎರಡೂ ಉಳಿಯಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡವನಾದ್ದರಿಂದ, 1962ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ರೋಲಿಂಗ್ ಸ್ಟೋನ್ಸ್ ಬ್ಯಾಂಡು ಇಂದಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ ಎಂದರೆ ನನಗೆ ಸೋಜಿಗವಾಗುವುದು ಮೊದಲು ಅವರ ಪಾಲುದಾರಿಕೆ, ಸಂಗೀತ ಆಮೇಲೆ. ಅವರೇನೂ ಜಗಳ ಕಾಣದವರಲ್ಲ. ಬ್ಯಾಂಡು ಕಟ್ಟಿದ ಬ್ರಯನ್ ಜೋನ್ಸ್‌ನನ್ನೇ 1969ರಲ್ಲಿ ಹೊರಗೆ ಕಳಿಸಿದರು. ಅದಾದ ಕೆಲವೇ ವಾರಕ್ಕೆ ಅವನು ತನ್ನ ಮನೆಯ ಈಜುಕೊಳದಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಮಿಕ್ ಟೇಲರ್ 1974ರಲ್ಲಿ ಬಿಟ್ಟುಹೋದ. ಹಾಡುಗಳಲ್ಲಿ ತನ್ನ ಪಾಲಿನ ಹೆಸರು ಸಿಗಲಿಲ್ಲವೆಂಬ ಬೇಸರ ಅವನಿಗಿತ್ತು. 1985ರಲ್ಲಿ ಗಾಯಕ ಮಿಕ್ ಜಾಗರ್ ತಾನೊಬ್ಬನೇ ಆಲ್ಬಂ ಮಾಡಿದ್ದಕ್ಕೆ ಗಿಟಾರಿನ ಕೀತ್ ರಿಚರ್ಡ್ಸ್ ಉರಿದುಬಿದ್ದ. 1982ರಿಂದ 1989ರವರೆಗೆ ಊರೂರು ತಿರುಗುವ ಕಾರ್ಯಕ್ರಮವೇ ಇಲ್ಲ. ಆಮೇಲೆ ಇಬ್ಬರೂ ಬಾರ್ಬಡೋಸ್ ದ್ವೀಪದಲ್ಲಿ ಎದುರುಬದುರು ಕೂತು, ಪತ್ರಿಕೆಗಳಲ್ಲಿ ಒಬ್ಬರಿಗೊಬ್ಬರು ಬೈದುಕೊಂಡದ್ದನ್ನೇ ನೆನೆಸಿಕೊಂಡು ನಕ್ಕು, ಹಾಡು ಬರೆಯಲು ಶುರುಮಾಡಿದರಂತೆ. ನಮ್ಮ ಪಂಚಾಯ್ತಿಯ ಹಿರಿಯರಿಗೆ ಈ ದಾರಿ ಹೊಳೆಯಲಿಲ್ಲ.

ನಮ್ಮ ಸೀಮೆಯಲ್ಲೂ ಆಯಸ್ಸು ಗಟ್ಟಿಯಿರುವ ತಂಡಗಳಿಲ್ಲವೆಂದಲ್ಲ. ಭಜನೆ ಮಂಡಳಿಗಳಿವೆ. ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹಾಡುವ ಮಂಡಳಿಗಳಲ್ಲಿ ಅಜ್ಜ ಬಿಟ್ಟ ಹಾರ್ಮೋನಿಯಂ ಮೊಮ್ಮಗನ ತೊಡೆಯ ಮೇಲಿರುತ್ತದೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಇಟ್ಟವರಿಲ್ಲ. ಹಾಡು ತಾತಯ್ಯನವರದು, ಅಷ್ಟೇ. ಸ್ಟೋನ್ಸ್ ಕತೆಯನ್ನು ಓದುತ್ತ ಹೋದಂತೆ ಅವರೂ ಒಳಗೊಳಗೆ ಹೀಗೇ ಇದ್ದರೇನೋ ಎನಿಸಿತು. ಮೇಲುನೋಟಕ್ಕೆ ಪುಂಡರು, ಒಳಗೆ ಇನ್ನೊಬ್ಬರ ಹಾಡಿಗೆ ಶಿಷ್ಯರು.

ಅವರು ನಮ್ಮ ಮನೆಗೆ ಬಂದದ್ದು ಒಂದು ಕ್ಯಾಸೆಟ್ಟಿನಲ್ಲಿ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದ ಚಿಕ್ಕಪ್ಪನ ಗೆಳೆಯ ತಂದುಕೊಟ್ಟದ್ದು. ಅದರ ಮೇಲೆ ತುಟಿ ತೆರೆದು ಹೊರಚಾಚಿದ ಕೆಂಪು ನಾಲಿಗೆಯ ಚಿತ್ರ. ಶಿಡ್ಲಘಟ್ಟದ ನಮ್ಮ ಮನೆಯ ಹಿಂಭಾಗದಲ್ಲೇ ರೇಷ್ಮೆ ನೂಲು ಬಿಚ್ಚುವ ಬೇಸಿನ್‌ಗಳಿದ್ದವು. ಬಿಸಿನೀರಿನಲ್ಲಿ ಗೂಡುಗಳನ್ನು ತಿರುವಿ ಎಳೆ ಹುಡುಕುತ್ತಿದ್ದ ಹೆಂಗಸರ ನಡುವೆ ಚಿಕ್ಕಪ್ಪ ಟೇಪ್‌ರೆಕಾರ್ಡರ್ ಇಟ್ಟು ಹಾಕಿದರು. ಜಾಗರ್ ಬಾಯಿ ತೆರೆದದ್ದೇ ತಡ, ಒಬ್ಬಾಕೆ ಕೈ ನಿಲ್ಲಿಸಿ, ‘ಅಣ್ಣಾ, ಇವನಿಗೆ ಯಾರಾನ ಹೊಡೀತಾವ್ರಾ?’ ಎಂದು ಕೇಳಿದಳು. ಅಜ್ಜಿ ಮಾತ್ರ ಹಾಡಿನ ತಂಟೆಗೆ ಹೋಗಲಿಲ್ಲ. ಕ್ಯಾಸೆಟ್ಟಿನ ಡಬ್ಬಿ ಎತ್ತಿಕೊಂಡು, ‘ಕಾಳಮ್ಮನ ನಾಲಿಗೆ ಕಣೋ ಇದು, ನೆಲದ ಮೇಲೆ ಹಾಕಬೇಡ್ರೋ’ ಎಂದು ಗೂಡಿನಲ್ಲಿದ್ದ ದೇವರ ಪಟದ ಪಕ್ಕ ಇಟ್ಟುಬಿಟ್ಟರು.

ಮನೆಯವರೆಲ್ಲ ನಕ್ಕೆವು. ಅಜ್ಜಿಯ ಮಾತು ಅಕ್ಷರಶಃ ನಿಜವೆಂದು ಗೊತ್ತಾದದ್ದು ಬಹಳ ಕಾಲದ ಮೇಲೆ. 1970ರಲ್ಲಿ ಜಾಗರ್ ತನ್ನ ಮನೆ ಹತ್ತಿರದ ಅಂಗಡಿಯಲ್ಲಿದ್ದ ಕಾಳಿಯ ಪಟವೊಂದನ್ನು ಎರವಲು ತಂದು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಜಾನ್ ಪ್ಯಾಶೆಗೆ ತೋರಿಸಿದ್ದ. ಆ ಹುಡುಗ ಅದರಿಂದ ನಾಲಿಗೆಯೊಂದನ್ನೇ ಆರಿಸಿಕೊಂಡು ಗುರುತು ಬರೆದ. ಕೂಲಿ 50 ಪೌಂಡ್. ಮುಂದೆ ಅದು ಜಗತ್ತಿನ ಮುಕ್ಕಾಲು ಪಾಲು ಟೀ ಶರ್ಟುಗಳ ಮೇಲೆ ಹತ್ತಿ ಕೂತಿತು. ಈಗ ನಂದಿಬೆಟ್ಟಕ್ಕೆ ಭಾನುವಾರ ಬೈಕಿನಲ್ಲಿ ಬರುವ ಹುಡುಗರ ಎದೆಯ ಮೇಲೂ ಅದನ್ನು ನೋಡುತ್ತೇನೆ. ಬ್ಯಾಂಡಿನ ಒಂದು ಹಾಡೂ ಗೊತ್ತಿಲ್ಲದವರು ಕಾಳಮ್ಮನನ್ನು ಹೊತ್ತು ತಿರುಗುತ್ತಿದ್ದಾರೆ.

ಬ್ಯಾಂಡಿನ ಕತೆ ಶುರುವಾದದ್ದು ರೈಲ್ವೆ ಸ್ಟೇಷನ್ನಿನಲ್ಲಿ. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ಎಂಬ ಊರಿನ ಪ್ಲಾಟ್‌ಫಾರಮ್ಮಿನಲ್ಲಿ ಜಾಗರ್ ನಿಂತಿದ್ದ. ಓದುತ್ತಿದ್ದದ್ದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ, ಕಂಕುಳಲ್ಲಿದ್ದದ್ದು ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್‌ರ ಗ್ರಾಮಫೋನ್ ತಟ್ಟೆಗಳು. ಪ್ರೈಮರಿ ಶಾಲೆಯಲ್ಲಿ ಜೊತೆಗಿದ್ದ ರಿಚರ್ಡ್ಸ್ ಅವನ್ನು ನೋಡಿ ಹತ್ತಿರ ಬಂದ. ಅಮೆರಿಕದಿಂದ ಅಂಚೆಯಲ್ಲಿ ತರಿಸಬೇಕಿದ್ದ ತಟ್ಟೆಗಳು ಅವು. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದು, 1943ರಲ್ಲಿ ಷಿಕಾಗೊಗೆ ಗುಳೆ ಹೋಗಿ, ಅಲ್ಲಿನ ಗದ್ದಲದಲ್ಲಿ ಕೇಳಿಸಲೆಂದು ಗಿಟಾರಿಗೆ ಕರೆಂಟು ಹಾಕಿಸಿದ ಕಪ್ಪು ಗಾಯಕ. ಹೊಲದ ಹಾಡಿಗೆ ನಗರದ ತಾಳ ಕೂಡಿದ ಆ ಸಂಗೀತವೇ ಷಿಕಾಗೊ ಬ್ಲೂಸ್. ಬ್ಯಾಂಡಿನ ಹೆಸರು ಕೂಡ ಮಡ್ಡಿಯ 1950ರ ಹಾಡಿನಿಂದಲೇ ಬಂತು. 1962ರ ಜುಲೈ 12ರಂದು ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಮರುವರ್ಷ ಹೊರಬಂದ ಮೊದಲ ತಟ್ಟೆಯಲ್ಲಿದ್ದದ್ದೂ ಚಕ್ ಬೆರ್ರಿಯ ಹಾಡೇ.

ಈ ತಂಡದಲ್ಲಿ ನನಗೆ ಹೆಚ್ಚು ಪ್ರೀತಿ ಇಯನ್ ಸ್ಟೂವರ್ಟ್ ಮೇಲೆ. ಪಿಯಾನೊ ನುಡಿಸುತ್ತಿದ್ದ, ತಂಡ ಕಟ್ಟಿದವರಲ್ಲೊಬ್ಬ. 1963ರಲ್ಲಿ ಬಂದ ಮ್ಯಾನೇಜರ್ ಇವನ ಮುಖ ಪೋಸ್ಟರಿಗೆ ಒಗ್ಗುವುದಿಲ್ಲ, ಆರು ಜನ ಜಾಸ್ತಿಯಾಯಿತು ಎಂದು ಹೊರಗಿಟ್ಟ. ನಮ್ಮ ಆರ್ಕೆಸ್ಟ್ರಾದವರಾಗಿದ್ದರೆ ಅದೇ ರಾತ್ರಿ ಸ್ಪೀಕರಿನ ವೈರು ಕತ್ತರಿಸುತ್ತಿದ್ದರು. ಸ್ಟೂವರ್ಟ್ ವ್ಯಾನು ಓಡಿಸಿದ, ಸಾಮಾನು ಹೊತ್ತ, ವೇದಿಕೆಯ ಮೂಲೆಯಲ್ಲಿ ಕೂತು ಪಿಯಾನೊ ನುಡಿಸಿದ, 1985ರಲ್ಲಿ ಸಾಯುವವರೆಗೂ. ಮೈನರ್ ಸ್ವರಮೇಳ ಬಂದರೆ ಮಾತ್ರ ಕೈ ಎತ್ತಿಬಿಡುತ್ತಿದ್ದ, ಅದು ಅವನಿಗೆ ಆಗುತ್ತಿರಲಿಲ್ಲ. ಹಟವಿದ್ದದ್ದು ಅದೊಂದಕ್ಕೆ. ಮರುವರ್ಷದ ಆಲ್ಬಮ್ಮಿನ ಕೊನೆಗೆ, ಪಟ್ಟಿಯಲ್ಲಿ ಹೆಸರು ಹಾಕದೆ, ಅವನು ನುಡಿಸಿದ ಒಂದು ತುಣುಕನ್ನು ಗೆಳೆಯರು ಸೇರಿಸಿದರು.

2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿಗೇ ಬಂದರು. ನಲವತ್ತು ತುಂಬಿದ ಸಂಭ್ರಮದ ಪ್ರವಾಸ. ಸಾರ್ಸ್ ರೋಗದ ಭಯಕ್ಕೆ ಚೀನಾದ ಕಾರ್ಯಕ್ರಮಗಳು ರದ್ದಾಗಿದ್ದವು. ಇಲ್ಲಿ ಅರಮನೆ ಮೈದಾನ, ಮೂರು ದಿನ ಬಿಟ್ಟು ಮುಂಬೈ. ಆಗ ನಮ್ಮ ಸೀಮೆಯ ಈ ಊರುಗಳೆಲ್ಲ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದವು. ಅರಮನೆ ಮೈದಾನವೆಂದರೆ ನಮ್ಮವರಿಗೆ ಬಳ್ಳಾರಿ ರಸ್ತೆಯಲ್ಲಿ ಬಸ್ಸು ನಿಧಾನವಾಗುವ ಜಾಗ. ಟಿಕೆಟ್ಟಿಗೆ ಕೊಡುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಬರುವಾಗ ಮೇಖ್ರಿ ಸರ್ಕಲ್ಲಿನ ಹತ್ತಿರ ವಾಹನಗಳು ಕಟ್ಟಿಕೊಂಡು ನಿಂತವು. ಕಿಟಕಿಯಿಂದ ಬಂದದ್ದು ಹಾಡಲ್ಲ, ತಳದ ಗುದ್ದು ಮಾತ್ರ. ‘ಏಮಿರಾ ಈ ಗೋಲ’ ಎಂದು ಗೊಣಗಿದ ಕಂಡಕ್ಟರು, ‘ಯಾವುದೋ ದೊಡ್ಡ ಮದುವೆ ಇರಬೇಕು’ ಎಂದರು. ಅರಮನೆ ಮೈದಾನದಲ್ಲಿ ಮದುವೆ, ಇಲ್ಲವೇ ಪಕ್ಷದ ಸಮಾವೇಶ. ಮೂರನೆಯದನ್ನು ಅವರು ಕಂಡಿರಲಿಲ್ಲ. ಮದುವೆಯೇ ಎಂದು ನಾನೂ ಒಪ್ಪಿಕೊಂಡೆ. ಅರವತ್ತು ಮುಟ್ಟುತ್ತಿರುವ ಮುದುಕನೊಬ್ಬ ಒಳಗೆ ಕುಣಿಯುತ್ತಿದ್ದಾನೆ ಎಂದರೆ ನಂಬುವ ಹೊತ್ತಲ್ಲ ಅದು.

ಆ ಗುದ್ದು ಚಾರ್ಲಿ ವಾಟ್ಸ್‌ನದು. ಜಾಝ್ ಪ್ರಿಯ, ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವನು. 1963ರ ಜನವರಿಯಲ್ಲಿ ಸೇರಿದ ಮೇಲೆ ತಂಡ ಬಿಡಲೇ ಇಲ್ಲ. ಪ್ರವಾಸದಲ್ಲಿ ಮಲಗಿದ ಹೋಟೆಲಿನ ಮಂಚಗಳನ್ನೆಲ್ಲ ಕಾಗದದ ಮೇಲೆ ಬರೆದಿಡುವ ಚಟ ಅವನಿಗೆ. ಬೆಂಗಳೂರಿನ ಮಂಚವೂ ಎಲ್ಲೋ ಇದ್ದೀತು. ಡ್ರಮ್ ಬಾರಿಸುವ ಅವನ ಕೈಯನ್ನು ವಿಡಿಯೊದಲ್ಲಿ ನೋಡಿ. ಎಡಗೈ ಸ್ನೇರ್ ಡ್ರಮ್ಮಿಗೆ ಬೀಳುವ ಕ್ಷಣಕ್ಕೆ ಸರಿಯಾಗಿ ಬಲಗೈ ಹೈಹ್ಯಾಟ್ ತಾಳದಿಂದ ಹಿಂದೆ ಸರಿಯುತ್ತದೆ. ಎರಡೂ ಕೈ ಒಟ್ಟಿಗೆ ಹೊಡೆಯುವುದು ಎಲ್ಲರ ರೂಢಿ. ಇವನು ಒಂದಕ್ಕೆ ದಾರಿ ಬಿಟ್ಟು ಇನ್ನೊಂದನ್ನು ತಡೆಯುತ್ತಾನೆ. ಅದರಿಂದ ಆ ಪೆಟ್ಟಿನ ಸುತ್ತ ಸ್ವಲ್ಪ ಗಾಳಿಯಾಡುತ್ತದೆ. ತಂಡದವರೆಲ್ಲ ಡ್ರಮ್ಮಿನವನನ್ನು ಹಿಂಬಾಲಿಸುವುದು ಸಾಮಾನ್ಯ ಕ್ರಮ, ಇಲ್ಲಿ ಡ್ರಮ್ಮಿನವನು ರಿಚರ್ಡ್ಸ್‌ನ ಗಿಟಾರನ್ನು ಹಿಂಬಾಲಿಸುತ್ತಾನೆ. ರಿಚರ್ಡ್ಸ್ ಆರು ತಂತಿಯ ಗಿಟಾರಿನಿಂದ ದಪ್ಪ ತಂತಿಯೊಂದನ್ನು ಕಿತ್ತು, ಉಳಿದ ಐದನ್ನು ಹಳೆಯ ಬ್ಲೂಸ್ ಗಾಯಕರ ಶ್ರುತಿಗೆ ಕೂರಿಸಿಕೊಂಡವನು.

ಇಷ್ಟು ಹೊತ್ತಿಗೆ ನಮ್ಮೂರಿನ ತಮಟೆಯ ಮಾತು ಎತ್ತದೆ ಇರಲಾರೆ. ಬಲಗೈಯಲ್ಲಿ ಗಿಡ್ಡ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ. ಕೋಲು ನಡುವೆ ಬೀಳುತ್ತದೆ, ಕಡ್ಡಿ ಅಂಚಿನಲ್ಲಿ ಕುಟುಕುತ್ತದೆ. ಪರಿಷೆಯ ರಾತ್ರಿ ಇಬ್ಬನಿಗೆ ಚರ್ಮ ಸಡಿಲವಾದರೆ ಒಂದಿಷ್ಟು ಒಣಹುಲ್ಲು ರಾಶಿಹಾಕಿ ಬೆಂಕಿ ಹಚ್ಚುತ್ತಾರೆ. ತಮಟೆಯನ್ನು ಉರಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತ, ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಾರೆ. ಮೊದಲು ಮಂಕಾಗಿ ಬಡಿದುಕೊಳ್ಳುವ ಸದ್ದು ಮೆಲ್ಲಗೆ ಬಿಗಿಯಾಗಿ, ಒಂದು ಹಂತಕ್ಕೆ ಠಣ್ಣೆನ್ನುತ್ತದೆ. ಆ ಹಂತ ದಾಟಿದರೆ ಚರ್ಮ ಸೀಳುತ್ತದೆ. ಎಷ್ಟು ಸಾಕು ಎಂದು ಹೇಳುವುದು ಬೆರಳು ಮತ್ತು ಕಿವಿ.

ಚಿಕ್ಕಪ್ಪನ ಆರ್ಕೆಸ್ಟ್ರಾದವರು ಕ್ಯಾಸೆಟ್ಟು ಹಾಕಿಕೊಂಡು ಮದರಾಸು, ಮುಂಬೈಗಳ ತಾಳ ಕಲಿತರು. ಪಕ್ಕದ ಕೇರಿಗೆ ಹೋಗಿ ತಮಟೆ ಕಲಿಯಬೇಕೆಂದು ಒಬ್ಬರಿಗೂ ಅನಿಸಲಿಲ್ಲ. ಕಾರಣ ಗುಟ್ಟೇನಲ್ಲ. ತಮಟೆ ಯಾರ ಕೈಯಲ್ಲಿತ್ತು, ಯಾರ ಸಾವಿಗೆ, ಯಾವ ಡಂಗುರಕ್ಕೆ ಅವರನ್ನು ಕರೆಯುತ್ತಿದ್ದರು, ಯಾವ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು ಎಂಬುದೆಲ್ಲ ಊರಿಗೇ ಗೊತ್ತು. ಕಲಿಯುವ ಕಿವಿ ಇದ್ದರೂ ಬೀದಿ ದಾಟುವ ಕಾಲಿರಲಿಲ್ಲ. ಅತ್ತ, ಊರು ಹೊರಿಸಿದ ಈ ಚಾಕರಿ ಸಾಕೆಂದು ತಮಟೆಯನ್ನು ಕೆಳಗಿಟ್ಟ ಯುವಕರೂ ಇದ್ದರು. ಅವರ ಸ್ವಾಭಿಮಾನವನ್ನು ತಪ್ಪೆನ್ನಲು ನಾನ್ಯಾರು? ಅರವತ್ತರ ದಶಕದ ಅಮೆರಿಕದಲ್ಲೂ ಅನೇಕ ಕಪ್ಪು ಯುವಕರಿಗೆ ಬ್ಲೂಸ್ ಬೇಡವಾಗಿತ್ತು, ಅದು ಅಪ್ಪಂದಿರ ಕಷ್ಟದ ಹಾಡು. ಹಾಗೆ ಅವರು ಕೆಳಗಿಟ್ಟ ಹಾಡನ್ನು ಕಡಲಾಚೆಯ ಬಿಳಿ ಹುಡುಗರು ಎತ್ತಿಕೊಂಡು ಕೋಟಿ ಕೋಟಿ ಗಳಿಸಿದರು.

ಅದರಲ್ಲಿ ಅನ್ಯಾಯವೂ ಬೆರೆತಿತ್ತು. 1968ರ ಆಲ್ಬಮ್ಮಿನಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ಕಪ್ಪು ಪಾದ್ರಿಯ ಹಾಡೊಂದು ಮೊದಲು ಅಚ್ಚಾದದ್ದು ಜಾಗರ್, ರಿಚರ್ಡ್ಸ್ ಹೆಸರಿನಲ್ಲಿ. ಆಮೇಲೆ ತಿದ್ದಿದರು. ಹೀಗೆಂದು ಲೆಕ್ಕ ಅಲ್ಲಿಗೇ ಮುಗಿಸುವ ಹಾಗೂ ಇಲ್ಲ. 1965ರಲ್ಲಿ ಅಮೆರಿಕದ ದೊಡ್ಡ ಟಿವಿ ಕಾರ್ಯಕ್ರಮವೊಂದಕ್ಕೆ ಕರೆದಾಗ, ತಮ್ಮ ಗುರುಗಳಲ್ಲೊಬ್ಬರಾದ ಹೌಲಿನ್ ವುಲ್ಫ್ ಕೂಡ ಹಾಡಬೇಕೆಂದು ಪಟ್ಟುಹಿಡಿದರು. ಆತ ಹಾಡುವಾಗ ಇವರು ಕೆಳಗೆ ಕೂತು ಕೇಳಿದರು. ಆ ದೃಶ್ಯ ಈಗಲೂ ನೋಡಲು ಸಿಗುತ್ತದೆ. ಇನ್ನೂ ಐವತ್ತು ವರ್ಷ ಕಳೆದು, 2015ರ ಡಿಸೆಂಬರಿನಲ್ಲಿ ಹೊಸ ಹಾಡು ಕೂಡಿಬರದೆ ಸ್ಟುಡಿಯೋದಲ್ಲಿ ಕೂತಿದ್ದಾಗ, ಕೈ ಪಳಗಲೆಂದು ಹಳೆಯ ಬ್ಲೂಸ್ ಹಾಡೊಂದನ್ನು ನುಡಿಸಿದರು. ಮೂರು ದಿನದಲ್ಲಿ ಒಂದು ಆಲ್ಬಮ್ಮೇ ಆಯಿತು, ಒಂದೂ ಅವರ ಸ್ವಂತ ಹಾಡಿಲ್ಲ. ಅದಕ್ಕೆ ಗ್ರ್ಯಾಮಿ ಬಂತು. ಎಪ್ಪತ್ತು ದಾಟಿದವರು ಮರಳಿ ಪಾಠಕ್ಕೆ ಕೂತಂತಿರುವ ಆ ಆಲ್ಬಂ ನನಗೆ ಅವರ ಪ್ರಸಿದ್ಧ ಹಾಡುಗಳಿಗಿಂತ ಇಷ್ಟ. ಹಾರ್ಮೋನಿಕಾ ಊದುವ ಜಾಗರ್‌ನಲ್ಲಿ ಆ ಕುಣಿತದ ಬಡಿವಾರ ಸ್ವಲ್ಪವೂ ಇಲ್ಲ.

ಚಾರ್ಲಿ 2021ರ ಆಗಸ್ಟ್ 24ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡ. 2023ರ ಜನವರಿಯಲ್ಲಿ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಕಟವಾಯಿತು, ತಮಟೆಗೆ. ದಶಕಗಟ್ಟಲೆ ಬಾರಿಸಿದ ಕೈ. ಆ ವಾರ ಊರಿನ ಟೀ ಅಂಗಡಿಗಳಲ್ಲಿ ತಮಟೆಯ ಬಗ್ಗೆ ಗೌರವದಿಂದ ಮಾತಾಡಿದವರಲ್ಲಿ, ಅದನ್ನು ಮನೆಯೊಳಗೆ ತರಲು ಎಂದೂ ಬಿಡದಿದ್ದವರೂ ಇದ್ದರು. ಇರಲಿ. ಈಗ ಕಾಲೇಜುಗಳ ಯುವಜನೋತ್ಸವದಲ್ಲಿ ತಮಟೆ ತಂಡಗಳಿವೆ, ನನ್ನ ಅಕ್ಕನ ಮಗನೂ ಒಂದರಲ್ಲಿದ್ದಾನೆ. ಅಕ್ಕನಿಗೆ ಇದು ಮಾರ್ಕ್ಸ್ ಕಡಿಮೆಯಾಗುವ ಭಯವೇ ಹೊರತು ಬೇರೆ ತಕರಾರಿಲ್ಲ. ಅಷ್ಟು ದೂರ ಬಂದಿದ್ದೇವೆ.

2023ರ ಅಕ್ಟೋಬರಿನಲ್ಲಿ ಸ್ಟೋನ್ಸ್ ಹೊಸ ಆಲ್ಬಂ ತಂದರು. ಎರಡು ಹಾಡುಗಳಲ್ಲಿ ಚಾರ್ಲಿ ಮೊದಲೇ ನುಡಿಸಿಟ್ಟ ಡ್ರಮ್ಮಿದೆ, ಉಳಿದದ್ದು ಸ್ಟೀವ್ ಜೋರ್ಡನ್ ಕೈಚಳಕ. ಕಡೆಯ ಹಾಡು ಮಾತ್ರ ತಂಡಕ್ಕೆ ಹೆಸರು ಕೊಟ್ಟ ಮಡ್ಡಿ ವಾಟರ್ಸ್‌ನ ಹಳೆಯದು. ಜಾಗರ್ ಹಾಡುತ್ತಾನೆ, ರಿಚರ್ಡ್ಸ್ ಗಿಟಾರ್ ನುಡಿಸುತ್ತಾನೆ, ಬೇರೆ ಯಾರೂ ಇಲ್ಲ. ಅಕ್ಕನ ಮಗನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿಸಿದೆ.

‘ಮಾವಾ, ಡ್ರಮ್ಮೇ ಇಲ್ವಲ್ಲ?’ ಎಂದ. ಊಟದ ಮೇಜಿನ ಅಂಚಿಗೆ ಎರಡು ಬೆರಳು ಇಟ್ಟು ತಾಳ ಹಾಕಲು ನೋಡಿದ. ಕೂರಲಿಲ್ಲ. ಹಿಂದಕ್ಕೆ ಸರಿಸಿ ಮತ್ತೆ ಹಾಕಿದ, ಮತ್ತೂ ತಪ್ಪಿತು. ‘ಈ ಅಜ್ಜಂದಿರು ಒಂದು ಲೆಕ್ಕಕ್ಕೆ ಸಿಗಲ್ಲ ಮಾವ. ಬೇಕಾದಲ್ಲಿ ನಿಲ್ತಾರೆ, ಬೇಕಾದಾಗ ಓಡ್ತಾರೆ’ ಎಂದು ಸಿಡಿಮಿಡಿಗೊಂಡು, ಹಾಡನ್ನು ಮೊದಲಿನಿಂದ ಹಾಕಿಕೊಂಡ.